ಬೊಜ್ಜದ ದಿನದ ಸಹಿ

ಬ್ಯಾಂಕಿನ ವಕೀಲರು ಕಾಗದಪತ್ರಗಳನ್ನು ವಾಪಸು ಕೊಟ್ಟ ದಿನ ಪ್ರಫುಲ್ಲಾ ಮನೆಯಲ್ಲಿ ಯಾರಿಗೂ ಊಟ ಬಡಿಸಲಿಲ್ಲ. ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನೂ ಒಣಸಿಗಡಿ ಚಟ್ನಿಯ ತಟ್ಟೆಯನ್ನೂ ತಂದು ನೆಲಕ್ಕೆ ಕುಕ್ಕಿ, “ಹಸಿವಾದವರು ಹಾಕಿಕೊಳ್ಳಿ. ನನ್ನ ಕೈಗೆ ಇವತ್ತು ಸೌಟು ಕೊಡಬೇಡಿ, ಯಾರ ತಲೆಗಾದರೂ ಬಿದ್ದೀತು” ಎಂದಳು.

ಯಾರ ತಲೆ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗಂಡ ಕರುಣಾಕರ ಗೋಡೆಗೆ ಒರಗಿ, ತನ್ನ ತಲೆಯನ್ನು ಆದಷ್ಟು ತಗ್ಗಿಸಿ ಕೂತಿದ್ದ. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಅವನಿಗೆ ಮನೆ ಬಿಟ್ಟರೆ ಹೋಗಲು ಜಾಗವಿರಲಿಲ್ಲ.

ಕಾಪುವಿನಲ್ಲಿ ಇವರಿಗಿದ್ದ ಹಳೆಯ ಮನೆ ಹೆದ್ದಾರಿ ಅಗಲ ಮಾಡುವಾಗ ರಸ್ತೆಯಡಿಗೆ ಹೋಗಿತ್ತು. ಆಗ ಸಿಕ್ಕಿದ ಪರಿಹಾರಕ್ಕೆ, ಪ್ರಫುಲ್ಲಾ ಉಡುಪಿಯ ಕಡಿಯಾಳಿಯ ಬೀದಿಗಳಲ್ಲಿ ಮೀನು ಹೊತ್ತು ಮಾರಿ ಉಳಿಸಿದ್ದನ್ನೆಲ್ಲ ಸೇರಿಸಿ, ಬೇಸಿಗೆಯಲ್ಲಿ ಕಾಪುವಿನಲ್ಲೇ, ಹಿಂದೆ ಮನೆಯಿದ್ದು ಈಗ ಬಯಲಾದ ಆರು ಸೆಂಟ್ಸು ಜಾಗ ಕೊಂಡಿದ್ದರು. ಮಾರಿದವನು ಯೋಗೀಶ, ಕರುಣಾಕರನ ಜೊತೆ ಮಲ್ಪೆಯ ಒಂದೇ ಬೋಟಿನಲ್ಲಿ ವರ್ಷಗಟ್ಟಲೆ ಬಲೆ ಎಳೆದವನು. ನೋಂದಣಿ ಆಯಿತು, ಅಡಿಪಾಯಕ್ಕೆ ಗೂಟ ಹೊಡೆದು ದಾರ ಕಟ್ಟಿದ್ದೂ ಆಯಿತು. ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಕಾಗದ ನೋಡಿ ಅಡ್ಡ ತಲೆಯಾಡಿಸಿದರು. ಜಾಗ ಯೋಗೀಶನ ತಾಯಿಯ ಹೆಸರಿನಲ್ಲಿತ್ತು. ತಾಯಿ ಉಯಿಲು ಬರೆಯದೆ ಸತ್ತಿದ್ದಳು. ಹಾಗಾಗಿ ಅರ್ಧ ಯೋಗೀಶನದು, ಇನ್ನರ್ಧ ಕಾರ್ಕಳದಲ್ಲಿರುವ ಅವನ ತಂಗಿ ಸುಗಂಧಿಯದು. ತನ್ನದಲ್ಲದ ಅರ್ಧವನ್ನೂ ಸೇರಿಸಿ ಅವನು ಇವರಿಗೆ ಮಾರಿದ್ದ.

ಯೋಗೀಶನಿಗೆ ತಂಗಿಯಿರುವುದು ಇವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವಳ ಮದುವೆಯಲ್ಲಿ ಪ್ರಫುಲ್ಲಾಳ ಅತ್ತೆ ಅಪ್ಪಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡಿದ್ದಳು. ತಂಗಿಗೂ ಪಾಲುಂಟು ಎನ್ನುವುದು ಮಾತ್ರ ಯಾರ ತಲೆಗೂ ಹೋಗಿರಲಿಲ್ಲ.

“ಅವಳು ಬರೆದುಕೊಟ್ಟಿದ್ದಾಳೆ ಮಾರಾಯ್ತಿ. ತಾಯಿಯ ಬೊಜ್ಜದ ದಿನವೇ ಸಹಿ ಹಾಕಿದ್ದಾಳೆ. ನಾನೇ ನೋಡಿದ್ದೇನೆ ಆ ಕಾಗದ” ಎಂದ ಕರುಣಾಕರ.

ಸತ್ತವರ ಉತ್ತರಕ್ರಿಯೆಗೆ ಈ ಕಡೆ ಬೊಜ್ಜ ಎನ್ನುತ್ತಾರೆ. ಒಡಹುಟ್ಟಿದವರೆಲ್ಲ ಒಂದೇ ಸೂರಿನಡಿ ಸಿಗುವ ದಿನ ಅದು. ಊಟದ ಎಲೆ ಎತ್ತಿದ ಮೇಲೆ ಅಣ್ಣತಮ್ಮಂದಿರು ಛಾಪಾಕಾಗದ ಬಿಚ್ಚುವುದು, ಅಕ್ಕತಂಗಿಯರು ಕಣ್ಣೊರೆಸಿಕೊಳ್ಳುತ್ತಲೇ ಸಹಿ ಹಾಕುವುದು, ಸಂಜೆ ಒಂದು ಸೀರೆ ಹಿಡಿದುಕೊಂಡು ಬಸ್ಸು ಹತ್ತುವುದು ಎಷ್ಟು ಮನೆಗಳಲ್ಲಿ ನಡೆದಿದೆಯೆಂದರೆ, ಇದೂ ಕ್ರಿಯೆಯ ಒಂದು ಭಾಗವೇ ಇರಬೇಕು ಎಂದು ಹೊರಗಿನವರು ತಿಳಿದಾರು. ಯೋಗೀಶ ಆ ಕಾಗದ ಹಿಡಿದು ಪಹಣಿಯನ್ನು ತನ್ನೊಬ್ಬನ ಹೆಸರಿಗೆ ಮಾಡಿಕೊಂಡಿದ್ದ.

“ಅಪ್ಪ, ವಕೀಲರು ಎಂತ ಹೇಳಿದರು? ಮನೆಯಲ್ಲಿ ಕೂತು ಬರೆಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಹಕ್ಕು ಬಿಡುವುದಾದರೆ ನೋಂದಣಿ ಕಚೇರಿಗೆ ಹೋಗಿಯೇ ಬಿಡಬೇಕು. ಪಹಣಿ ಇರುವುದು ಕಂದಾಯ ಕಟ್ಟಲಿಕ್ಕೆ” ಎಂದಳು ಮಗಳು ನವ್ಯಶ್ರೀ. ಮಣಿಪಾಲದ ಒಂದು ಲ್ಯಾಬಿನ ಕೌಂಟರಿನಲ್ಲಿ ದಿನವಿಡೀ ನಿಂತು ಬಂದಿದ್ದ ಅವಳಿಗೆ ಮಾತಿನಲ್ಲಿ ತಾಳ್ಮೆ ಉಳಿದಿರಲಿಲ್ಲ. “ಮೊದಲೇ ವಕೀಲರಿಗೆ ತೋರಿಸುವ ಎಂದು ಎಷ್ಟು ಸಲ ಬಡಿದುಕೊಂಡೆ? ನೀವು ಕೇಳಿದಿರಾ?”

“ಎಂತ ಕೇಳುವುದು? ಕಡಲಲ್ಲಿ ಒಂದೇ ಪಾತ್ರೆಯಿಂದ ಅನ್ನ ತೆಗೆದು ಉಣ್ಣುವವನ ಹತ್ತಿರ, ನಿನ್ನ ಕಾಗದ ಸರಿ ಉಂಟಾ ಎಂದು ಕೇಳುವುದಾ? ಬೋಟಿನಲ್ಲಿ ಯಾರಾದರೂ ಹಾಗೆ ಕೇಳುತ್ತಾರಾ?”

“ಬೋಟಿನಲ್ಲಿ ಕೇಳಬೇಡಿ. ದಡದಲ್ಲಿ ಕೇಳಬಹುದಿತ್ತಲ್ಲ!”

“ಬಾಯಿ ಮುಚ್ಚು.”

“ಅವಳು ಯಾಕೆ ಮುಚ್ಚುವುದು? ಕೇಳಬೇಕಾದಲ್ಲಿ ನೀವು ಮುಚ್ಚಿದ್ದು ಸಾಕಾಗಲಿಲ್ವಾ?” ಎಂದಳು ಪ್ರಫುಲ್ಲಾ.

ಅಪ್ಪಿ ತನ್ನ ಬಟ್ಟಲಿಗೆ ತಾನೇ ಗಂಜಿ ಬಡಿಸಿಕೊಂಡು, “ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ” ಎಂದಳು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳ ಸದ್ದೇ ಮಾತಿಗಿಂತ ಹೆಚ್ಚಾಯಿತು. ಬಾಡಿಗೆ ಮನೆಯ ಯಜಮಾನ ದೀಪಾವಳಿಯೊಳಗೆ ಬಿಟ್ಟುಕೊಡಿ ಎಂದು ಮೊದಲೇ ಹೇಳಿದ್ದ. ಈಗ ದಾರಿಯಲ್ಲಿ ಕಂಡಾಗಲೆಲ್ಲ ನೆನಪಿಸತೊಡಗಿದ. ಹಸಿಮೀನಿಲ್ಲದ ಆ ಕಾಲದಲ್ಲಿ ಪ್ರಫುಲ್ಲಾ ಒಣಮೀನು ಕಟ್ಟಿಕೊಂಡು ಕಡಿಯಾಳಿಗೆ ಹೋಗುತ್ತಿದ್ದಳು. ಅಲ್ಲಿನ ಗಿರಾಕಿಗಳು, “ಮನೆ ಕೆಲಸ ಎಲ್ಲಿಗೆ ಬಂತು ಪ್ರಫುಲ್ಲಕ್ಕ?” ಎಂದು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆ, ಮೀನು ತೊಳೆಯುವ ಕಲ್ಲು ಎಲ್ಲಿಗೆ ಎಂದು ಅವರಿಗೆಲ್ಲ ಬಾಯ್ತುಂಬ ಹೇಳಿ ಮುಗಿಸಿದ್ದಳು.

ಒಂದು ಸಂಜೆ ಯೋಗೀಶನೇ ಬಂದ. ಏನೂ ಆಗದವನ ಹಾಗೆ ಜಗಲಿಯಲ್ಲಿ ಕೂತು, ಚಹಾ ಕೇಳಿ ಕುಡಿದ. ಜೊತೆಗೆ ಜವಳಿ ಅಂಗಡಿಯ ಒಂದು ಚೀಲ ತಂದಿದ್ದ.

“ಇದು ದೊಡ್ಡ ಸಂಗತಿಯೇ ಅಲ್ಲ. ತಂಗಿ ನನ್ನ ಮಾತು ಮೀರುವವಳಲ್ಲ. ಆದರೆ ನಾನು ಹೋಗಿ ಕರೆದರೆ ಜನ ಅವಳಿಗೆ ಕಿವಿ ಊದುತ್ತಾರೆ. ಪ್ರಫುಲ್ಲಕ್ಕ ಹೋಗಲಿ. ಹೆಂಗಸರು ಹೆಂಗಸರು ಮಾತಾಡಿದರೆ ಮುಗಿಯಿತು. ಸೀರೆ ನಾನೇ ತಂದಿದ್ದೇನೆ. ಇದನ್ನು ಕೈಯಲ್ಲಿಟ್ಟು ಕಚೇರಿಗೆ ಕರೆದುಕೊಂಡು ಬನ್ನಿ, ಒಂದು ಸಹಿ ಅಲ್ವಾ?”

“ನೀನು ಹೋಗಲಿಕ್ಕೆ ಎಂತ ದಾಡಿ?” ಎಂದಳು ಪ್ರಫುಲ್ಲಾ.

“ಹೋಗಿ ಬಾ ಮಾರಾಯ್ತಿ. ಸಹಿ ಬೇಕಾದದ್ದು ನಮಗಲ್ವಾ?” ಎಂದ ಕರುಣಾಕರ, ಯೋಗೀಶನ ಬದಲಿಗೆ.

ಸಹಿ ಬೇಕಾದದ್ದು ತಮಗೆ ಎನ್ನುವುದು ನಿಜವಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮಾರನೆಯ ಬೆಳಿಗ್ಗೆ ಸೀರೆಯ ಚೀಲದ ಜೊತೆಗೆ ಒಣಸಿಗಡಿಯ ಒಂದು ಪೊಟ್ಟಣವನ್ನೂ ಕಟ್ಟಿಕೊಂಡು ಕಾರ್ಕಳದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸುಗಂಧಿಯ ಮೇಲೂ ಕುದಿಯುತ್ತಲೇ ಇದ್ದಳು. ಅಂದು ಸಹಿ ಹಾಕಿದವಳು ಕಚೇರಿಗೇ ಹೋಗಿ ಹಾಕಬಾರದಿತ್ತೇ, ಇವಳಿಂದಾಗಿ ತಾನು ಬೀದಿಗೆ ಬೀಳಬೇಕೇ ಎಂದು.

ಸುಗಂಧಿ ಇದ್ದದ್ದು ಗೋಡಂಬಿ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ಒಂದರಲ್ಲಿ. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಗೇರುಬೀಜದ ಎಣ್ಣೆ ತಗಲಿ ಅವಳ ಬೆರಳುಗಳ ತುದಿ ಸುಟ್ಟು ಕಪ್ಪಾಗಿತ್ತು. ಪ್ರಫುಲ್ಲಾಳನ್ನು ಕಂಡದ್ದೇ ಮುಖ ಅರಳಿಸಿದಳು.

“ಕಾಪುವಿನಿಂದ ಬಂದಿರಾ? ಅಯ್ಯೋ, ನನ್ನ ಊರಿನವರು ಯಾರೂ ಬರುವುದಿಲ್ಲ. ಕೂತುಕೊಳ್ಳಿ, ಊಟ ಮಾಡಿಯೇ ಹೋಗಬೇಕು.” ಒಣಸಿಗಡಿಯ ಪೊಟ್ಟಣವನ್ನು ಮೂಸಿ ನೋಡಿ ನಕ್ಕಳು. “ಇದಕ್ಕೆ ಹುಳಿಗೆ ಬಿಂಬುಳಿಕಾಯಿ ಹಾಕಬೇಕು. ನಮ್ಮ ಬಾವಿಯ ಹತ್ತಿರ ಅಮ್ಮ ನೆಟ್ಟ ಬಿಂಬುಳಿ ಮರ ಇತ್ತು, ಈಗಲೂ ಉಂಟಾ?”

“ಉಂಟು.”

“ಅಣ್ಣನಿಗೆ ಹೇಳಿಬಿಡಿ, ಅದನ್ನು ಕಡಿಯಬಾರದು ಎಂದು.”

“ನಿನ್ನ ಅಣ್ಣ ಆ ಜಾಗ ಮಾರಿ ತಿಂಗಳುಗಳಾದವು. ನಿನಗೆ ಹೇಳಲಿಲ್ವಾ?”

ಸುಗಂಧಿಯ ಕೈ ಪೊಟ್ಟಣದ ಮೇಲೆಯೇ ನಿಂತಿತು. “ಮಾರಿದ? ಯಾರಿಗೆ?”

“ನಮಗೆ.”

ಸುಗಂಧಿ ಅಳಲಿಲ್ಲ. ಅತ್ತಿದ್ದರೆ ಪ್ರಫುಲ್ಲಾಳಿಗೆ ಸುಲಭವಾಗುತ್ತಿತ್ತು. ಅವಳು ಎದ್ದು ಹೋಗಿ ಒಲೆ ಆರಿಸಿ ಬಂದು, ಎದುರಿಗೆ ಕೂತಳು.

“ಅಮ್ಮನ ಬೊಜ್ಜದ ದಿನ ನಾನು ಸಹಿ ಹಾಕಿದ್ದು ಕರೆಂಟಿನ ಬಿಲ್ಲಿಗೆ. ಮೀಟರು ಅಮ್ಮನ ಹೆಸರಲ್ಲಿ ಉಂಟು, ತನ್ನ ಹೆಸರಿಗೆ ಮಾಡಿಸಬೇಕು ಎಂದ ಅಣ್ಣ. ಎಲೆ ಎತ್ತಿದ ಜಾಗವನ್ನು ನಾನು ಸಗಣಿ ಹಾಕಿ ಒರೆಸುತ್ತಿದ್ದೆ. ಕೈ ತೊಳೆದು ಬಂದು ಸಹಿ ಹಾಕಿದೆ. ಓದಲಿಲ್ಲ. ಅಣ್ಣ ಕೊಟ್ಟದ್ದನ್ನು ಯಾರಾದರೂ ಓದುತ್ತಾರಾ? ನೀವು ಹೇಳಿ, ನಿಮ್ಮ ತಾಯಿಮನೆಯ ಪಾಲು ಎಂತಾಯಿತು?”

“ನಾನೂ ಸಹಿ ಹಾಕಿದ್ದೇನೆ.” ಪ್ರಫುಲ್ಲಾಳ ತವರು ಹೆಜಮಾಡಿ. ಅಲ್ಲಿನ ಜಾಗ ಈಗ ಅವಳ ಅಣ್ಣ ಬೂಬನ ಕೈಯಲ್ಲಿತ್ತು.

“ಯಾವಾಗ?”

“ಅಮ್ಮನ ಬೊಜ್ಜದ ದಿನ.”

“ಎಂತ ಕೊಟ್ಟರು?”

ಪ್ರಫುಲ್ಲಾ ಮಡಿಲಲ್ಲಿದ್ದ ಜವಳಿ ಅಂಗಡಿಯ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದಳು. ಬೂಬ ಕೊಟ್ಟ ನವಿಲು ಬಣ್ಣದ ಸೀರೆಯನ್ನು ಅವಳು ಎಷ್ಟೋ ಮದುವೆಗಳಿಗೆ ಉಟ್ಟು, ನನ್ನ ಅಣ್ಣ ಕೊಟ್ಟದ್ದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದಳು. ಈಗ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನೀವು ಯಾಕೆ ಬಂದದ್ದೆಂದು ಗೊತ್ತಾಯಿತು. ನಾನು ಸಹಿ ಹಾಕುವುದಿಲ್ಲ” ಎಂದಳು ಸುಗಂಧಿ. “ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಸಾಲುಮನೆಯಲ್ಲಿ ಬಾಡಿಗೆ ಕಟ್ಟಿ ಕಟ್ಟಿ ನನಗೆ ಸಾಕಾಗಿದೆ. ನನಗೆ ದುಡ್ಡು ಬೇಡ. ನನ್ನ ಅಮ್ಮನ ಜಾಗದಲ್ಲಿ ನನ್ನ ಅರ್ಧ ಬೇಕು.”

ಊಟಕ್ಕೆ ಬಸಳೆ ಸಾರಿತ್ತು. ಇಬ್ಬರೂ ಉಂಡರು. ಹೊರಡುವಾಗ ಸುಗಂಧಿ ಬೀದಿಯ ಕೊನೆಯವರೆಗೂ ಬಂದು ಬಸ್ಸು ಹತ್ತಿಸಿದಳು.

ಮನೆಯಲ್ಲಿ ಕರುಣಾಕರ ಬಾಗಿಲಲ್ಲೇ ಕಾಯುತ್ತಿದ್ದ. “ಯಾವತ್ತು ಬರುತ್ತಾಳಂತೆ ಕಚೇರಿಗೆ?”

“ನಾನು ಕೇಳಲಿಲ್ಲ.”

“ಎಂತ? ಅಷ್ಟು ದೂರ ಹೋಗಿ ಕೇಳಲೇ ಇಲ್ವಾ? ನಿನಗೆ ತಲೆ ಸರಿ ಉಂಟಾ?”

“ಈಗ ಸರಿಯಾಯಿತು. ಅವಳಿಗೆ ಅವಳ ಅರ್ಧ ಜಾಗ ಬೇಕಂತೆ. ಕೊಡುವ.”

“ಕೊಡುವುದಾ! ಆರಕ್ಕೆ ದುಡ್ಡು ಕೊಟ್ಟು ಮೂರು ಇಟ್ಟುಕೊಳ್ಳುವುದಾ?”

“ಮೂರರ ದುಡ್ಡನ್ನು ನಿಮ್ಮ ಯೋಗೀಶ ವಾಪಸು ಕೊಡಲಿ. ತಂಗಿಯ ಪಾಲು ಮಾರಿ ತಿಂದವನು ಅವನು. ಕೇಳಿ ಅವನ ಹತ್ತಿರ.”

“ನಾನು ಕೇಳುವುದಿಲ್ಲ. ಮಳೆಗಾಲ ಮುಗಿದರೆ ಅವನ ಜೊತೆ ಕಡಲಿಗೆ ಹೋಗಬೇಕು ನಾನು.”

“ಹೆಂಡತಿಯ ಜೊತೆ ಮನೆಯಲ್ಲಿ ಬದುಕುವುದು ಬೇಡವಾ?” ಪ್ರಫುಲ್ಲಾಳ ಸ್ವರ ಪಕ್ಕದ ಮನೆಯವರೆಗೂ ಹೋಯಿತು. ಹೋಗಲಿ ಎಂದೇ ಅವಳು ಏರಿಸಿದ್ದಳು. “ಆ ದುಡ್ಡಿನಲ್ಲಿ ನನ್ನ ತಲೆಹೊರೆಯ ದುಡ್ಡೂ ಉಂಟು. ಕಾಗದದಲ್ಲಿ ನನ್ನ ಹೆಸರು ಉಂಟಾ? ಇಲ್ಲ. ಎಲ್ಲ ಕರುಣಾಕರ! ನಾಳೆ ನಿಮ್ಮ ಬೊಜ್ಜಕ್ಕೆ ನಾನು ಯಾರಿಗೆ ಸಹಿ ಹಾಕಬೇಕು?”

ಹಾಗೆ ಅನ್ನಬಾರದಿತ್ತು. ಅಂದದ್ದಾಗಿತ್ತು. ಕರುಣಾಕರ ಅಂಗಿ ಹಾಕಿಕೊಂಡು ಹೊರಗೆ ಹೋದ.

ಅಪ್ಪಿ ಇಷ್ಟು ಹೊತ್ತು ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಕೈ ಝಾಡಿಸಿಕೊಂಡಳು. “ನಮ್ಮ ಅಜ್ಜಿಯ ಕಾಲದಲ್ಲಿ ಅಳಿಯಸಂತಾನ, ಮನೆ ಹೆಂಗಸರದ್ದು. ಗಂಡ ಎಂದರೆ ಉಂಡು ಹೋಗುವ ನೆಂಟ. ನಮ್ಮ ಕಾಲಕ್ಕೆ ಬರುವಾಗ ನಾವೇ ನೆಂಟರಾದೆವು. ನಾನೂ ಹಾಕಿದ್ದೇನೆ ಹೆಬ್ಬೆಟ್ಟು. ನನಗೆ ಸೀರೆಯೂ ಸಿಗಲಿಲ್ಲ, ಒಂದು ಕುಪ್ಪಸದ ಕಣ.”

“ನೀವು ಯಾಕೆ ಹಾಕಿದಿರಿ ಅತ್ತೆ?”

“ಹಾಕದಿದ್ದರೆ ಆಮೇಲೆ ತಾಯಿಮನೆ ಬಾಗಿಲು ಮುಚ್ಚುತ್ತದೆ ಎಂದು ಹೆದರಿಕೆ. ಹಾಕಿದ ಮೇಲೂ ಮುಚ್ಚಿಯೇ ಇತ್ತು.”

ನವ್ಯಶ್ರೀ ಊಟದ ತಟ್ಟೆ ಹಿಡಿದುಕೊಂಡೇ, “ಅಮ್ಮ, ನೀವು ಹೆಜಮಾಡಿಯಲ್ಲಿ ಸಹಿ ಹಾಕಿದ್ದು ಕಚೇರಿಯಲ್ಲಾ, ಮನೆಯಲ್ಲಾ?” ಎಂದು ಕೇಳಿದಳು.

“ಮನೆಯಲ್ಲೇ. ಎಲೆ ಎತ್ತಿದ ಮೇಲೆ.” ಪ್ರಫುಲ್ಲಾ ಮಗಳ ಮುಖ ನೋಡಿದಳು. ಮಗಳು ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿಕೊಂಡಳು.

ಮಳೆ ಹೊಡೆಯುವ ಆಟಿ ತಿಂಗಳು ಮುಗಿಯುವ ಹೊತ್ತಿಗೆ ಮಲ್ಪೆಯಲ್ಲಿ ಬಲೆ ಕೆಲಸ ಜೋರಾಗುತ್ತದೆ. ಬೋಟಿನವರೆಲ್ಲ ಶೆಡ್ಡಿನಲ್ಲಿ ಸುತ್ತ ಕೂತು, ನಡುವೆ ಬಲೆ ಹರಡಿಕೊಂಡು, ಹರಿದ ಕಣ್ಣುಗಳನ್ನು ಹೊಲಿಯುತ್ತಾರೆ. ಒಂದು ಬೆಳಿಗ್ಗೆ ಕಡಿಯಾಳಿಗೆ ಹೋಗಬೇಕಾದ ಪ್ರಫುಲ್ಲಾ ಮೀನಿನ ಬುಟ್ಟಿಯ ಸಮೇತ ನೇರ ಆ ಶೆಡ್ಡಿಗೆ ನುಗ್ಗಿದಳು. ಗಂಡಸರು ಕೆಲಸ ನಿಲ್ಲಿಸಿ ನೋಡಿದರು. ಅವಳು ಜವಳಿ ಅಂಗಡಿಯ ಚೀಲ ತೆಗೆದು ಯೋಗೀಶನ ಮುಂದೆ, ಬಲೆಯ ಮೇಲೆ ಎಸೆದಳು. ಸೀರೆ ಅರ್ಧ ಹೊರಗೆ ಬಂತು.

“ತಕೋ ನಿನ್ನ ಸೀರೆ. ಕರೆಂಟು ಬಿಲ್ಲು ಎಂದು ಸುಳ್ಳು ಹೇಳಿ ತಂಗಿಯ ಸಹಿ ಹಾಕಿಸಿಕೊಂಡೆಯಲ್ಲ? ಅವಳ ಅರ್ಧವನ್ನು ನಮಗೆ ಯಾಕೆ ಮಾರಿದೆ? ಹೇಳು, ಎಲ್ಲರೂ ಕೇಳಲಿ.”

ಯೋಗೀಶನ ಮುಖ ಕಪ್ಪಿಟ್ಟಿತು. ಆದರೆ ಅವನು ಅವಳ ಕಡೆ ತಿರುಗಲಿಲ್ಲ. “ಹೆಂಗಸರ ಹತ್ತಿರ ನನಗೆ ಮಾತಿಲ್ಲ. ಕರುಣಾಕರ, ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು ಮಾರಾಯ. ಇದು ಬೋಟಿನ ಜಾಗ.”

ಕರುಣಾಕರ ಬಲೆ ಹೊಲಿಯುವ ಸೂಜಿ ಹಿಡಿದು ಕೂತಿದ್ದ. ಪ್ರಫುಲ್ಲಾ ಗಂಡನನ್ನೇ ನೋಡುತ್ತ ನಿಂತಳು. ಅವನು ಈಗ ಎದ್ದು ತನ್ನ ತೋಳು ಹಿಡಿದು ಹೊರಗೆ ಎಳೆದರೆ ಮನೆಗೆ ಮರಳುವುದಿಲ್ಲ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದ್ದಳು. ಅವನು ಏಳಲಿಲ್ಲ. ಸೂಜಿಯನ್ನು ಕೆಳಗಿಟ್ಟ.

“ಅವಳು ಕೇಳಿದ್ದಕ್ಕೆ ಉತ್ತರ ಕೊಡು ಯೋಗೀಶ” ಎಂದ. “ಮೂರು ಸೆಂಟ್ಸಿನ ದುಡ್ಡು ವಾಪಸು ಕೊಡು. ನಾನು ನಿನ್ನನ್ನು ನಂಬಿ ಒಂದು ಕಾಗದ ಬಿಡಿಸಿ ನೋಡಲಿಲ್ಲ. ಮಗಳ ಎದುರು ನಿನಗೋಸ್ಕರ ಕೂಗಾಡಿದ್ದೇನೆ.”

“ದುಡ್ಡು ಎಲ್ಲಿ ಉಂಟು? ನಾಡದೋಣಿಯಲ್ಲಿ ಪಾಲು ಹಾಕಿದ್ದೇನೆ.”

“ಆ ಪಾಲು ಮಾರು.”

ಬೋಟು ನಡೆಸುವ ತಾಂಡೇಲ, ಎಲ್ಲರಿಗಿಂತ ಹಿರಿಯ, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದ. “ನನಗೆ ನಿಮ್ಮ ಜಾಗದ ಸಂಗತಿ ಬೇಡ. ಗಾಳಿ ಎದ್ದಾಗ ಹಗ್ಗದ ಈ ತುದಿ ಒಬ್ಬ, ಆ ತುದಿ ಒಬ್ಬ ಹಿಡಿಯುವವರು ನೀವು. ಮನಸ್ಸಲ್ಲಿ ಇದನ್ನು ಇಟ್ಟುಕೊಂಡು ನನ್ನ ಬೋಟಿಗೆ ಹತ್ತುವುದು ಬೇಡ. ಇತ್ಯರ್ಥ ಮಾಡಿಕೊಂಡು ಬನ್ನಿ, ಇಬ್ಬರೂ.”

ಹಾಗೆ ಆ ವರ್ಷ ಕಡಲಪೂಜೆಯಾಗಿ ಬೋಟು ಹೊರಟಾಗ ಇಬ್ಬರೂ ದಡದಲ್ಲಿ ಉಳಿದರು. ಕರುಣಾಕರ ಮನೆಯಲ್ಲಿ ಕೂತ. ಪ್ರಫುಲ್ಲಾ ಹಸಿಮೀನು ಹೊತ್ತು ತಿರುಗಿ ಮನೆ ನಡೆಸಿದಳು. ಅವನು ಮೊದಲ ಸಲ ಅನ್ನ ಬೇಯಿಸಿದ, ಅದು ಮುದ್ದೆಯಾಯಿತು. ಅಪ್ಪಿ ಮಗನ ಮುಖ ನೋಡದೆ, “ಉಪ್ಪು ಸರಿಯಾಗಿದೆ” ಎಂದಳು. ಯೋಗೀಶ ಮೊದಲು ಮೀಸೆ ತಿರುವಿದ, ಆಮೇಲೆ ಊರಲ್ಲಿ ಇವರ ಬಗ್ಗೆ ಇಲ್ಲದ್ದು ಹೇಳಿಕೊಂಡು ತಿರುಗಿದ. ನವ್ಯಶ್ರೀ ಉಡುಪಿಯ ವಕೀಲರೊಬ್ಬರಿಂದ ನೋಟೀಸು ಕಳಿಸಿದ ಮೇಲೆ, ಬೇರೆ ಯಾವ ತಾಂಡೇಲನೂ ಅವನನ್ನು ಬೋಟಿಗೆ ಹತ್ತಿಸಿಕೊಳ್ಳದೆ ಹೋದ ಮೇಲೆ, ಚೌತಿಯ ಮರುವಾರ ನಾಡದೋಣಿಯ ಪಾಲು ಮಾರಿದ. ದುಡ್ಡನ್ನು ಕರುಣಾಕರನ ಕೈಗೆ ಕೊಡುವಾಗ ಮುಖ ನೋಡಲಿಲ್ಲ. ಕರುಣಾಕರನೂ ನೋಡಲಿಲ್ಲ. ಅವನು ಆ ರಾತ್ರಿ ಊಟ ಬಿಟ್ಟ. ಸ್ನೇಹ ಕಳಕೊಂಡದ್ದಕ್ಕೆ ಅವನಿಗೆ ನಿಜವಾಗಿಯೂ ನೋವಾಗಿತ್ತು, ಪ್ರಫುಲ್ಲಾ ಕೆಣಕಲು ಹೋಗಲಿಲ್ಲ.

ವಿಭಾಗಪತ್ರ ನೋಂದಣಿಯಾಯಿತು. ಸುಗಂಧಿಗೆ ಬಾವಿಯ ಕಡೆಯ ಮೂರು, ಇವರಿಗೆ ರಸ್ತೆಯ ಕಡೆಯ ಮೂರು, ಬಾವಿ ಇಬ್ಬರಿಗೂ. ಇವರ ಪಾಲಿನಲ್ಲಿ ಕರುಣಾಕರನ ಹೆಸರಿನ ಜೊತೆ ಪ್ರಫುಲ್ಲಾಳ ಹೆಸರು ಸೇರಿಸದಿದ್ದರೆ ಒಳಗೆ ಕಾಲಿಡುವುದಿಲ್ಲ ಎಂದು ಅವಳು ಕಚೇರಿಯ ಮೆಟ್ಟಿಲಲ್ಲೇ ಕೂತಿದ್ದಳು. ಗುಮಾಸ್ತ ಇಣುಕಿ ಇಣುಕಿ ನೋಡಿದ. ಕರುಣಾಕರ ಎರಡು ಸಲ ಗೊಣಗಿ, ಅದಕ್ಕೆ ಬೇಕಾದ ಇನ್ನೊಂದು ಕಾಗದವನ್ನೂ ಬರೆಸಿದ.

ಬಿಸಿಲು ಬಿದ್ದ ಒಂದು ದಿನ ಎಲ್ಲರೂ ಜಾಗಕ್ಕೆ ಬಂದರು. ಬೇಸಿಗೆಯಲ್ಲಿ ಹೊಡೆದ ಗೂಟಗಳು ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಪ್ರಫುಲ್ಲಾ ಸೀರೆ ಎತ್ತಿ ಕಟ್ಟಿ, ಒಂದೊಂದನ್ನೇ ಅಲ್ಲಾಡಿಸಿ ಕಿತ್ತಳು. ಅಳತೆಯ ಟೇಪಿನ ಒಂದು ತುದಿಯನ್ನು ಸುಗಂಧಿ ಹಿಡಿದಳು, ಇನ್ನೊಂದನ್ನು ಇವಳು. ಮಧ್ಯದಲ್ಲಿ ಹೊಸ ಗೂಟಗಳನ್ನು ಇವಳೇ ಕಲ್ಲಿನಿಂದ ಬಡಿದು ಇಳಿಸಿದಳು. ಮೀನು ತೊಳೆಯುವ ಕಲ್ಲಿಗೆ ಜಾಗ ಉಳಿಯುವುದಿಲ್ಲ, ಅಡುಗೆಮನೆ ಒಬ್ಬರು ತಿರುಗುವಷ್ಟು. ಅವಳಿಗೆ ಹೊಟ್ಟೆ ಉರಿಯದೆ ಇರಲಿಲ್ಲ. ಉರಿದರೂ ಕೈ ನಿಲ್ಲಿಸಲಿಲ್ಲ. ಸುಗಂಧಿ ಬಿಂಬುಳಿ ಮರದಿಂದ ಕೊಯ್ದ ಕಾಯಿಗಳನ್ನು ಸೆರಗಿನಲ್ಲಿ ತಂದು ಅಪ್ಪಿಯ ಮಡಿಲಿಗೆ ಸುರಿದಳು.

ಅಷ್ಟರಲ್ಲಿ ಪ್ರಫುಲ್ಲಾಳ ಫೋನು ಬಡಿದುಕೊಂಡಿತು. ಹೆಜಮಾಡಿಯಿಂದ ಅಣ್ಣ ಬೂಬ.

“ನಾಡಿದ್ದು ಮಹಾಲಯ ಅಮಾವಾಸ್ಯೆ. ಅಮ್ಮನಿಗೆ ಎಡೆ ಬಡಿಸುವುದುಂಟು. ನೀನು ಊಟಕ್ಕೆ ಬರಬೇಕು. ಮತ್ತೆ, ಎಂತಂದರೆ, ಜಾಗದ ಆ ಬಡಗು ತುಂಡಿಗೆ ಒಬ್ಬ ಗಿರಾಕಿ ಬಂದಿದ್ದಾನೆ. ಅವರ ವಕೀಲ ಎಂತದೋ ಕಿರಿಕಿರಿ ಮಾಡುತ್ತಾನೆ. ನಿನ್ನದು ಇನ್ನೊಂದು ಸಹಿ ಬೇಕಂತೆ, ಕಚೇರಿಯಲ್ಲಿ. ಅತ್ತಿಗೆ ನಿನಗೆ ಒಳ್ಳೆಯ ಸೀರೆ ತೆಗೆದಿಟ್ಟಿದ್ದಾಳೆ.”

ನವ್ಯಶ್ರೀ, ಕರುಣಾಕರ, ಸುಗಂಧಿ ಎಲ್ಲರೂ ಪ್ರಫುಲ್ಲಾಳ ಮುಖವನ್ನೇ ನೋಡಿದರು. ಅವಳು ಕೈಯಲ್ಲಿದ್ದ ಟೇಪನ್ನು ನಿಧಾನವಾಗಿ ಸುತ್ತಿದಳು.

“ಬೂಬಣ್ಣ, ನಾಡಿದ್ದು ಎಂತಕ್ಕೆ, ನಾಳೆಯೇ ಬರುತ್ತೇನೆ” ಎಂದಳು. “ಊಟಕ್ಕಲ್ಲ. ಅಳತೆಗೆ.”